ಪಾರದರ್ಶಕ ವಾಹಕ ಪದರದಲ್ಲಿ ಅತಿವಾಹಕತೆಯ ಹದ ಹಿಡಿಯುವುದು ಹೇಗೆ: ಪ್ರಯೋಗಾಲಯಕ್ಕೊಂದು ಸಮಗ್ರ ಮಾರ್ಗದರ್ಶಿ

ಮೈಸೂರಿನಿಂದ ಬೆಂಗಳೂರಿಗೆ ಒಯ್ದ, ಪಾರದರ್ಶಕ ವಾಹಕ ಪದರ ಲೇಪಿಸಿದ ನಮ್ಮ ಮೊದಲ ಗಾಜಿನ ತುಂಡು 3.4 ಕೆಲ್ವಿನ್‌ಗೆ ಬಂದಾಗ ಅದರ ರೋಧ ಥಟ್ಟನೆ ಇಳಿಯಿತು. ಪಕ್ಕದಲ್ಲಿದ್ದ ವಿದ್ಯಾರ್ಥಿಗಳು ಕೈಕುಲುಕಿಕೊಂಡರು. ಆದರೆ ರೋಧ ಸೊನ್ನೆಗೆ ಹೋಗದೆ ನಡುವೆಯೇ ನಿಂತುಬಿಟ್ಟಿತ್ತು, ಮತ್ತು 3.4 ಎಂಬ ಆ ಅಂಕಿ ನನಗೆ ಅತಿಯಾಗಿ ಪರಿಚಿತವೆನಿಸಿತು. ಅದು ಇಂಡಿಯಂ ಲೋಹದ ಸಂಕ್ರಮಣ ತಾಪ, ಅಂದರೆ ಆ ಲೋಹ ತಣ್ಣಗಾಗುತ್ತ ರೋಧವನ್ನೆಲ್ಲ ಕಳೆದುಕೊಂಡು ಅತಿವಾಹಕವಾಗುವ ತಾಪ. ಸಮಯ ಉಳಿಸಲೆಂದು ನಾವು ಎರಡೇ ತಂತಿಗಳನ್ನು, ಅದೂ ಇಂಡಿಯಂ ಗುಳಿಗೆ ಒತ್ತಿ, ಅಂಟಿಸಿದ್ದೆವು. ಅತಿವಾಹಕವಾಗಿದ್ದದ್ದು ನಮ್ಮ ಪದರವಲ್ಲ, ನಮ್ಮದೇ ಅಂಟು. ಈ ಮಾರ್ಗದರ್ಶಿಯ ಅರ್ಧ ಭಾಗ ಆ ದಿನದ ಪಾಠದಿಂದ ಹುಟ್ಟಿದೆ. ಪಾರದರ್ಶಕ ಪದರವನ್ನು ಅತಿವಾಹಕವಾಗಿಸುವುದು ಹೇಳಿಕೊಳ್ಳುವಷ್ಟು ಕಷ್ಟವಲ್ಲ. ಕಂಡದ್ದು ಪದರದ ಗುಣವೋ ಅದರೊಳಗೆ ನಾವೇ ಹುಟ್ಟಿಸಿದ ಲೋಹದ ಗುಣವೋ ಎಂಬುದನ್ನು ಬೇರ್ಪಡಿಸುವುದೇ ನಿಜವಾದ ಕೆಲಸ.

ಇದು ಸ್ನಾತಕೋತ್ತರ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ, ಮತ್ತು ದೊಡ್ಡ ಸಂಸ್ಥೆಗಳ ಸೌಲಭ್ಯವಿಲ್ಲದ ಮೈಸೂರು, ಮಂಡ್ಯದಂಥ ಊರಿನ ಕಾಲೇಜುಗಳ ಅಧ್ಯಾಪಕರಿಗೆ ಬರೆದದ್ದು. ಪದರವನ್ನು ಸಿದ್ಧಪಡಿಸುವುದು, ಅದಕ್ಕೆ ವಿದ್ಯುತ್ ಆವೇಶ ತುಂಬುವುದು, ಅದರ ಬೆಳಕಿನ ಗುಣ ಅಳೆಯುವುದು, ಇವೆಲ್ಲ ನಮ್ಮಲ್ಲೇ ಆಗುತ್ತವೆ. ತಣ್ಣಗಾಗಿಸುವ ಕೊನೆಯ ಕೆಲಸಕ್ಕೆ ಮಾತ್ರ ದ್ರವ ಹೀಲಿಯಂ ಇರುವಲ್ಲಿಗೆ ಹೋಗಬೇಕು.

ವಸ್ತುವಿನ ಬಗ್ಗೆ ಮೊದಲು ತಿಳಿದಿರಬೇಕಾದದ್ದು

ಇಂಡಿಯಂ ಟಿನ್ ಆಕ್ಸೈಡ್, ಎಲ್ಲರ ಬಾಯಲ್ಲಿ ಐಟಿಒ, ಮೊಬೈಲ್ ಪರದೆಗಳಲ್ಲೂ ಸೌರಕೋಶಗಳಲ್ಲೂ ಬಳಸುವ ಪಾರದರ್ಶಕ ವಾಹಕ. ಸಾಮಾನ್ಯವಾಗಿ ಅದರಲ್ಲಿ ತೂಕದ ಲೆಕ್ಕದಲ್ಲಿ 90 ಭಾಗ ಇಂಡಿಯಂ ಆಕ್ಸೈಡ್, 10 ಭಾಗ ಟಿನ್ ಆಕ್ಸೈಡ್ ಇರುತ್ತದೆ. ಶುದ್ಧ ಇಂಡಿಯಂ ಆಕ್ಸೈಡ್‌ನಲ್ಲಿ ಮೂರು ಎಲೆಕ್ಟ್ರಾನು ಕೊಡುವ ಇಂಡಿಯಂನ ಜಾಗಕ್ಕೆ ನಾಲ್ಕು ಕೊಡುವ ಟಿನ್ ಬಂದು ಕೂತಾಗ ಒಂದು ಎಲೆಕ್ಟ್ರಾನು ಬಿಡುವಾಗುತ್ತದೆ. ಹರಳಿನಲ್ಲಿ ಆಮ್ಲಜನಕದ ಪರಮಾಣು ಖಾಲಿ ಬಿಟ್ಟ ಜಾಗಗಳೂ ಹೀಗೆಯೇ ಎಲೆಕ್ಟ್ರಾನುಗಳನ್ನು ಕೊಡುತ್ತವೆ. ಒಳ್ಳೆಯ ಪದರದಲ್ಲಿ ಒಂದು ಘನ ಸೆಂಟಿಮೀಟರಿಗೆ 10²⁰ರಿಂದ 10²¹ರಷ್ಟು ಇಂಥ ಓಡಾಡುವ ಎಲೆಕ್ಟ್ರಾನುಗಳಿರುತ್ತವೆ. ತಾಮ್ರದಲ್ಲಿರುವುದಕ್ಕೆ ಹೋಲಿಸಿದರೆ ಇದು ಸಾವಿರದಲ್ಲಿ ಒಂದು ಪಾಲಿನಿಂದ ನೂರರಲ್ಲಿ ಒಂದು ಪಾಲಿನ ಆಸುಪಾಸು.

ಇಷ್ಟು ಕಡಿಮೆ ಎಲೆಕ್ಟ್ರಾನುಗಳಿರುವುದರಿಂದಲೇ ಪದರದ ಮೂಲಕ ಬೆಳಕು ಹಾಯುತ್ತದೆ. ಎಲೆಕ್ಟ್ರಾನುಗಳ ಸಮೂಹ ತನ್ನದೇ ಆದ ಒಂದು ತರಂಗಾಂತರಕ್ಕಿಂತ ಉದ್ದದ ಬೆಳಕನ್ನು ಹಿಂದಕ್ಕೆ ಅಟ್ಟುತ್ತದೆ. ಎಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿಯನ್ನು ಸಾಮಾನ್ಯ ಎಲೆಕ್ಟ್ರಾನಿನ 0.35 ಪಾಲೆಂದೂ, ಹೆಚ್ಚು ಆವೃತ್ತಿಯ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು 4 ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ಘನ ಸೆಂಟಿಮೀಟರಿಗೆ 5×10²⁰ ಎಲೆಕ್ಟ್ರಾನುಗಳಿರುವ ಪದರದಲ್ಲಿ ಈ ಗಡಿ ಸುಮಾರು 1.8 ಮೈಕ್ರೊಮೀಟರ್, 10²¹ ಇರುವಲ್ಲಿ ಸುಮಾರು 1.25 ಮೈಕ್ರೊಮೀಟರ್. ಎರಡೂ ಅವಗೆಂಪಿನಲ್ಲಿವೆ, ಕಣ್ಣಿಗೆ ಕಾಣುವ 0.4ರಿಂದ 0.7 ಮೈಕ್ರೊಮೀಟರಿನ ಬೆಳಕಿಗೆ ದಾರಿ ತೆರೆದೇ ಇರುತ್ತದೆ. ಈ ಗಡಿಯ ಚಲನೆ ಮುಂದೆ ನಮಗೆ ಒಂದು ಅಳತೆಗೋಲಾಗಿ ಒದಗುತ್ತದೆ.

ಆಕ್ಸೈಡಿನಲ್ಲಿ ಎಲೆಕ್ಟ್ರಾನುಗಳನ್ನು ತುಂಬಿ ಅತಿವಾಹಕತೆ ತರುವುದು ಹೊಸದೇನಲ್ಲ. ಸ್ಟ್ರಾನ್ಷಿಯಂ ಟೈಟನೇಟನ್ನು ಅಪಕರ್ಷಿಸಿ, ಅಂದರೆ ಅದರಿಂದ ಆಮ್ಲಜನಕವನ್ನು ಕಿತ್ತು, ಅದು ಒಂದು ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುವುದನ್ನು 1964ರಲ್ಲೇ ತೋರಿಸಲಾಗಿತ್ತು. ಅಲ್ಲಿ ಎಲೆಕ್ಟ್ರಾನುಗಳನ್ನು ಹೆಚ್ಚಿಸುತ್ತ ಹೋದಂತೆ ಸಂಕ್ರಮಣ ತಾಪ ಮೊದಲು ಏರಿ, ಒಂದು ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ; ನಕ್ಷೆಯಲ್ಲಿ ಗುಡ್ಡದ ಆಕಾರ ಮೂಡುತ್ತದೆ. ಐಟಿಒದಲ್ಲಿ ಸೋಡಿಯಂನಂಥ ಅಯಾನುಗಳನ್ನು ವಿದ್ಯುದ್ರಾಸಾಯನಿಕವಾಗಿ ಸೇರಿಸಿ, ಬೇಕಾದಾಗ ಹಿಂದೆಗೆದು, ಸುಮಾರು 5 ಕೆಲ್ವಿನ್‌ವರೆಗೆ ಅತಿವಾಹಕತೆಯನ್ನು ಹೊಂದಿಸಬಹುದೆಂದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಶಾಖೆಯ ತಂಡ 2012ರಲ್ಲಿ ಪ್ರಕಟಿಸಿತು. ಅಲ್ಲಿಯೂ ಅದೇ ಗುಡ್ಡ.

ವಿದ್ಯುತ್ ಕ್ಷೇತ್ರದಿಂದಲೇ ಇದನ್ನು ಮಾಡಬಾರದೇ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ. ಇಷ್ಟು ಎಲೆಕ್ಟ್ರಾನುಗಳಿರುವ ವಸ್ತುವಿನಲ್ಲಿ ಹೊರಗಿನ ಕ್ಷೇತ್ರ ಒಂದು ನ್ಯಾನೊಮೀಟರಿನ ಒಳಗೇ ಸತ್ತುಹೋಗುತ್ತದೆ. 150 ನ್ಯಾನೊಮೀಟರ್ ದಪ್ಪದ ಪದರದಲ್ಲಿ ಅದು ಮೇಲ್ಮೈ ಮುಟ್ಟಿ ಹಿಂದಿರುಗಿದಂತೆ. ಪದರದ ಒಳಗೆಲ್ಲ ಬದಲಾವಣೆ ಬೇಕಿದ್ದರೆ ಅಯಾನುಗಳೇ ಒಳಗೆ ಹೋಗಬೇಕು, ಅವುಗಳ ಹಿಂದೆ ಎಲೆಕ್ಟ್ರಾನುಗಳು ಹೋಗುತ್ತವೆ.

ಮೊದಲ ಹಂತ: ಗಾಜಿನ ಆಯ್ಕೆ ಮತ್ತು ತಯಾರಿ

ಸ್ವಂತ ಸ್ಪಟರಿಂಗ್ ಯಂತ್ರವಿದ್ದವರು ಪದರವನ್ನು ತಾವೇ ಮಾಡಿಕೊಳ್ಳಬಹುದು. ಇಲ್ಲದವರು ಮಾರುಕಟ್ಟೆಯಲ್ಲಿ ಸಿಗುವ ಐಟಿಒ ಲೇಪಿತ ಗಾಜನ್ನೇ ಕೊಳ್ಳಬೇಕು, ಮತ್ತು ಕಲಿಯುವವರಿಗೆ ಎರಡನೆಯದೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಒಂದೇ ಹಾಳೆಯಿಂದ ಹತ್ತು ತುಂಡು ಕತ್ತರಿಸಿದರೆ ಹತ್ತೂ ಒಂದೇ ತಾಯಿಯ ಮಕ್ಕಳು. ಅವುಗಳ ನಡುವಿನ ವ್ಯತ್ಯಾಸವೆಲ್ಲ ನೀವು ತುಂಬಿದ ಆವೇಶದ್ದು. ಶೀಟ್ ರೆಸಿಸ್ಟೆನ್ಸ್ (ಪದರದ ಒಂದು ಚೌಕದ ಎದುರುಬದುರು ಅಂಚುಗಳ ನಡುವಿನ ರೋಧ) ಚೌಕಕ್ಕೆ 10ರಿಂದ 15 ಓಂ, ದಪ್ಪ 100ರಿಂದ 200 ನ್ಯಾನೊಮೀಟರ್ ಇರುವ ಗಾಜು ನಮ್ಮ ಕೆಲಸಕ್ಕೆ ಸರಿ. ದಪ್ಪದ ಖಚಿತ ಅಂಕಿಯನ್ನು ಮಾರಾಟಗಾರರಿಂದ ಬರಹದಲ್ಲಿ ಕೇಳಿ ಪಡೆಯಿರಿ, ಮುಂದಿನ ಎಲ್ಲ ಲೆಕ್ಕಕ್ಕೂ ಅದೇ ಆಧಾರ.

ಗಾಜನ್ನು 1 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ಉದ್ದದ ಪಟ್ಟಿಗಳಾಗಿ ಲೇಪನವಿಲ್ಲದ ಮುಖದ ಕಡೆಯಿಂದ ಗೀರಿ ಮುರಿಯಬೇಕು. ಲೇಪನ ಯಾವ ಮುಖದಲ್ಲಿದೆ ಎಂಬುದನ್ನು ಮಲ್ಟಿಮೀಟರ್ ಒಂದು ಕ್ಷಣದಲ್ಲಿ ಹೇಳುತ್ತದೆ. ಇಂಡಿಯಂ ಆಕ್ಸೈಡಿನ ನುಣ್ಣನೆಯ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಲೇಪನವನ್ನು ಉಜ್ಜುವುದಾಗಲಿ ಕೆರೆಯುವುದಾಗಲಿ ಬೇಡ; ಮುರಿದ ಅಂಚುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಖಗವಸು ಹಾಕಿಕೊಳ್ಳಿ.

ತೊಳೆಯುವ ಕ್ರಮ ಎಲ್ಲರಿಗೂ ಗೊತ್ತಿರುವುದೇ: ಸೋಪಿನ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್, ಒಂದೊಂದರಲ್ಲೂ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಹತ್ತು ನಿಮಿಷ. ಆದರೆ ಮಂಡ್ಯದ ಕಡೆ ಬೋರ್‌ವೆಲ್ ನೀರು ಬಳಸುವ ಕಾಲೇಜುಗಳವರು ಸೋಪನ್ನೂ ಭಟ್ಟಿ ಇಳಿಸಿದ ನೀರಿನಲ್ಲೇ ಕರಗಿಸಬೇಕು. ಗಡಸು ನೀರು ಗಾಜಿನ ಮೇಲೆ ಬಿಡುವ ಬಿಳಿ ಕಲೆ ಮುಂದೆ ಬೆಳಕಿನ ಮಾಪನದಲ್ಲಿ ತೊಂದರೆ ಕೊಡುತ್ತದೆ.

ತೊಳೆದ ಪ್ರತಿ ತುಂಡಿಗೂ ವಜ್ರದ ಮೊನೆಯಿಂದ ಹಿಂಬದಿಯಲ್ಲಿ ಸಂಖ್ಯೆ ಬರೆದು, ನಾಲ್ಕು ಮೊನೆಯ ವಿಧಾನದಲ್ಲಿ (ಎರಡು ಮೊನೆ ಪ್ರವಾಹಕ್ಕೆ, ಎರಡು ವೋಲ್ಟೇಜಿಗೆ) ಶೀಟ್ ರೆಸಿಸ್ಟೆನ್ಸ್ ಅಳೆದು ಪುಸ್ತಕದಲ್ಲಿ ಬರೆಯಿರಿ. 150 ನ್ಯಾನೊಮೀಟರ್ ದಪ್ಪಕ್ಕೆ ಚೌಕಕ್ಕೆ 10 ಓಂ ಎಂದರೆ ವಿಶಿಷ್ಟ ರೋಧ 1.5×10⁻⁴ ಓಂ-ಸೆಂಟಿಮೀಟರ್. ಇದಕ್ಕಿಂತ ಬಹಳ ದೂರದ ಅಂಕಿ ಬಂದರೆ ಪದರ ಹಾಳಾಗಿದೆ ಅಥವಾ ದಪ್ಪದ ಅಂಕಿ ಸುಳ್ಳು.

ಎರಡನೆಯ ಹಂತ: ಆವೇಶದ ಲೆಕ್ಕ

ಆವೇಶ ತುಂಬುವ ವಿದ್ಯುದ್ರಾಸಾಯನಿಕ ಕೋಶ ಜೋಡಿಸುವ ಮುಂಚೆ ಕಾಗದ-ಪೆನ್ನು ಹಿಡಿದು ಕೂರುವುದು ಅತ್ಯಗತ್ಯ. ಈ ಪ್ರಯೋಗದಲ್ಲಿ ದುಬಾರಿ ಉಪಕರಣಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಈ ಲೆಕ್ಕ.

ದ್ರಾವಣದಲ್ಲಿ ಮುಳುಗುವ ಭಾಗ 1 ಚದರ ಸೆಂಟಿಮೀಟರ್, ದಪ್ಪ 150 ನ್ಯಾನೊಮೀಟರ್ ಎಂದುಕೊಳ್ಳೋಣ. ಗಾತ್ರ 1.5×10⁻⁵ ಘನ ಸೆಂಟಿಮೀಟರ್. ಘನ ಸೆಂಟಿಮೀಟರಿಗೆ 5×10²⁰ ಎಲೆಕ್ಟ್ರಾನುಗಳನ್ನು ಹೆಚ್ಚಿಸಬೇಕೆಂದರೆ ಒಟ್ಟು 7.5×10¹⁵ ಎಲೆಕ್ಟ್ರಾನುಗಳು ಬೇಕು, ಅಂದರೆ ಸುಮಾರು 1.2 ಮಿಲಿಕೂಲಂಬ್. ಹತ್ತು ಮೈಕ್ರೊಆಂಪಿಯರ್ ಪ್ರವಾಹದಲ್ಲಿ ಇದು ಎರಡು ನಿಮಿಷದ ಮಾತು.

ಈಗ ಇನ್ನೊಂದು ತುದಿಯನ್ನು ನೋಡೋಣ. ಅದೇ ತುಂಡಿನಲ್ಲಿರುವ ಇಂಡಿಯಂ ಆಕ್ಸೈಡನ್ನೆಲ್ಲ ಲೋಹವಾಗಿಸಲು ಎಷ್ಟು ಆವೇಶ ಬೇಕು? ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.2 ಗ್ರಾಂ, ಅಣುತೂಕ 277.6, ಪ್ರತಿ ಅಣುವಿಗೆ ಆರು ಎಲೆಕ್ಟ್ರಾನುಗಳು ಎಂದು ಹಿಡಿದರೆ ಸುಮಾರು 225 ಮಿಲಿಕೂಲಂಬ್ ಬರುತ್ತದೆ. ನಮಗೆ ಬೇಕಾದದ್ದು ಅದರ ಇನ್ನೂರನೇ ಒಂದು ಪಾಲಿನಷ್ಟು. ಮರೆತು ಅರ್ಧ ಗಂಟೆ ಬಿಟ್ಟರೆ ಅದೇ ಹತ್ತು ಮೈಕ್ರೊಆಂಪಿಯರಿನಲ್ಲಿ 18 ಮಿಲಿಕೂಲಂಬ್ ಹರಿದಿರುತ್ತದೆ. ಅದೆಲ್ಲ ಅಪಕರ್ಷಣೆಗೇ ಹೋದರೆ ಪದರದ ನೂರರಲ್ಲಿ ಎಂಟು ಪಾಲು ಲೋಹವಾಗಲು ಸಾಕು. ಲೋಹ ಪದರದಲ್ಲೆಲ್ಲ ಸಮನಾಗಿ ಹರಡುವುದೂ ಇಲ್ಲ, ಮೇಲ್ಮೈಯಲ್ಲಿ ಸಣ್ಣ ಹನಿಗಳಾಗಿ ಮೊದಲು ಕಾಣಿಸಿಕೊಳ್ಳುತ್ತದೆ. ಪದರ ಕಂದು ತಿರುಗಿ, ಆಮೇಲೆ ಬೂದಿಬಣ್ಣಕ್ಕೆ ಬರುತ್ತದೆ.

ಮಂಡ್ಯದ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು ಕೊಪ್ಪರಿಗೆಯ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ನೋಡುತ್ತಾರೆ. ಹದಕ್ಕೆ ಮುಂಚೆ ಇಳಿಸಿದರೆ ಅಚ್ಚು ಕಟ್ಟುವುದಿಲ್ಲ, ಮೀರಿದರೆ ಸೀಯುತ್ತದೆ, ಸೀದ ಪಾಕ ಹಿಂದಕ್ಕೆ ಬರುವುದಿಲ್ಲ. ನಮ್ಮ ಪದರದ್ದೂ ಇದೇ ಕಥೆ, ಒಂದು ವ್ಯತ್ಯಾಸದೊಂದಿಗೆ: ಹದ ಮೀರುವ ಮುನ್ನ ಪದರವನ್ನು ಎಷ್ಟು ಸಲ ಬೇಕಾದರೂ ಹಿಂದಕ್ಕೆ ತರಬಹುದು.

ಒಂದು ಎಚ್ಚರಿಕೆ. ಮೀಟರಿನಲ್ಲಿ ಓದಿದ ಆವೇಶವೆಲ್ಲ ಪದರದೊಳಗೆ ಹೋಗಿರುವುದಿಲ್ಲ. ಒಂದಿಷ್ಟು ದ್ರಾವಣದ ತೇವಾಂಶವನ್ನು ಒಡೆಯಲು, ಕರಗಿದ ಆಮ್ಲಜನಕವನ್ನು ಅಪಕರ್ಷಿಸಲು ವ್ಯರ್ಥವಾಗುತ್ತದೆ. ಆದ್ದರಿಂದ ಲೆಕ್ಕದ ಅಂಕಿಯನ್ನು ಮೇಲಿನ ಮಿತಿಯೆಂದು ಓದಿ, ನಿಜವಾದ ಎಲೆಕ್ಟ್ರಾನು ಸಾಂದ್ರತೆಯನ್ನು ಹಾಲ್ ಪರಿಣಾಮದಿಂದ, ಅಂದರೆ ಕಾಂತಕ್ಷೇತ್ರದಲ್ಲಿ ಪ್ರವಾಹಕ್ಕೆ ಅಡ್ಡಲಾಗಿ ಹುಟ್ಟುವ ವೋಲ್ಟೇಜಿನಿಂದ, ಅಳೆದೇ ತಿಳಿಯಬೇಕು.

ಮೂರನೆಯ ಹಂತ: ವಿದ್ಯುದ್ರಾಸಾಯನಿಕ ಕೋಶ

ನೀರಿನ ದ್ರಾವಣ ಬೇಡ. ನೀರಿನಲ್ಲಿ ಐಟಿಒಗೆ ಋಣ ವೋಲ್ಟೇಜ್ ಕೊಟ್ಟರೆ ಹೈಡ್ರೊಜನ್ ಗುಳ್ಳೆಗಳೂ ಇಂಡಿಯಂ ಲೋಹವೂ ಬೇಗನೆ ಬಂದುಬಿಡುತ್ತವೆ. ಪ್ರೊಪಿಲೀನ್ ಕಾರ್ಬೊನೇಟಿನಲ್ಲಿ ಸೋಡಿಯಂ ಲವಣವೊಂದನ್ನು ಲೀಟರಿಗೆ 0.1ರಿಂದ 1 ಮೋಲ್ ಪ್ರಮಾಣದಲ್ಲಿ ಕರಗಿಸಿದ ದ್ರಾವಣ ಸೂಕ್ತ. ಸೋಡಿಯಂ ಪರ್ಕ್ಲೋರೇಟ್ ಅಗ್ಗವಾಗಿ ಸಿಗುತ್ತದೆ, ಚೆನ್ನಾಗಿ ಕರಗುತ್ತದೆ. ಆದರೆ ಸಾವಯವ ದ್ರಾವಕದೊಂದಿಗೆ ಸೇರಿದ ಪರ್ಕ್ಲೋರೇಟನ್ನು ಎಂದಿಗೂ ಬಿಸಿಮಾಡಿ ಒಣಗಿಸಬಾರದು, ಸ್ಫೋಟದ ಅಪಾಯವಿದೆ. ಚೆಲ್ಲಿದ್ದನ್ನು ಕಾಗದದಿಂದ ಒರೆಸಿ ಕಸದ ಬುಟ್ಟಿಗೆ ಎಸೆಯುವುದೂ ಅಷ್ಟೇ ಅಪಾಯ. ಆ ಜಾಗವನ್ನು ಹೇರಳ ನೀರಿನಿಂದ ತೊಳೆಯಬೇಕು. ವಿದ್ಯಾರ್ಥಿಗಳ ಕೈಗೆ ಕೊಡುವಾಗ ನಾನು ಮೊದಲ ಬಾರಿಗೆ ಪಕ್ಕದಲ್ಲೇ ನಿಂತಿರುತ್ತೇನೆ.

ತೇವಾಂಶ ಇಲ್ಲಿಯ ದೊಡ್ಡ ಶತ್ರು. ಮೈಸೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಬೀಕರಿನಲ್ಲಿ ಈ ಕೆಲಸ ಮಾಡಿದವರಿಗೆ ಒಂದೇ ಆವೇಶಕ್ಕೆ ದಿನಕ್ಕೊಂದು ಫಲಿತಾಂಶ ಬರುತ್ತದೆ. ನೀರಿನ ಅಂಶದಿಂದ ಸೋಡಿಯಂ ಬದಲು ಪ್ರೋಟಾನುಗಳೂ ಪದರಕ್ಕೆ ನುಗ್ಗುತ್ತವೆ. ಗ್ಲೋವ್ ಬಾಕ್ಸ್ (ಒಣ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆ) ಇಲ್ಲದಿದ್ದರೆ ಹೀಗೆ ಮಾಡಿ: ನೀರು ಹೀರುವ ಮಾಲಿಕ್ಯುಲರ್ ಸೀವ್ ಗುಳಿಗೆಗಳನ್ನು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಕಾಯಿಸಿ, ಆರಿಸಿ, ಮುಚ್ಚಿದ ಬಾಟಲಿಯಲ್ಲಿ ದ್ರಾವಕದ ಜೊತೆ ಎರಡು ದಿನ ಇಡಿ, ಲವಣವನ್ನು ದ್ರಾವಕಕ್ಕೆ ಸೇರಿಸುವ ಮೊದಲೇ ನಿರ್ವಾತ ಡೆಸಿಕೇಟರಿನಲ್ಲಿ ಒಣಗಿಸಿ, ಕೋಶಕ್ಕೆ ಮೂರು ತೂತಿನ ರಬ್ಬರ್ ಮುಚ್ಚಳ ಹಾಕಿ, ಅರ್ಧ ಗಂಟೆ ಒಣ ಆರ್ಗಾನ್ ಹಾಯಿಸಿದ ನಂತರವೇ ಪ್ರವಾಹ ಕೊಡಿ.

ಕೋಶದಲ್ಲಿ ಐಟಿಒ ಪಟ್ಟಿ ಕೆಲಸದ ಎಲೆಕ್ಟ್ರೋಡ್. ಎದುರಿಗೆ ಪ್ಲಾಟಿನಂ ಜಾಲರಿ, ಇಲ್ಲವೇ ಹೆಚ್ಚು ಮೇಲ್ಮೈ ಇರುವ ಕಾರ್ಬನ್ ಬಟ್ಟೆ. ಮೂರನೆಯದಾಗಿ, ವೋಲ್ಟೇಜನ್ನು ಹೋಲಿಸಿ ನೋಡಲು ಒಂದು ಬೆಳ್ಳಿ ತಂತಿ. ಪಟ್ಟಿಯ ಮೇಲ್ತುದಿಯನ್ನು ದ್ರಾವಣದಿಂದ ಹೊರಗೆ ಬಿಟ್ಟು ಕ್ಲಿಪ್ ಹಾಕಬೇಕು. ಕ್ಲಿಪ್ ಒದ್ದೆಯಾದರೆ ನೀವು ಅಳೆಯುತ್ತಿರುವುದು ಕ್ಲಿಪ್ಪಿನ ರಸಾಯನಶಾಸ್ತ್ರ.

ಎಷ್ಟು ವೋಲ್ಟಿಗೆ ನಿಲ್ಲಿಸಬೇಕು ಎಂಬುದಕ್ಕೆ ಸಿದ್ಧ ಅಂಕಿಯನ್ನು ನಾನು ಕೊಡುವುದಿಲ್ಲ, ಏಕೆಂದರೆ ಬೆಳ್ಳಿ ತಂತಿಯ ವಿಭವ ದ್ರಾವಣದಿಂದ ದ್ರಾವಣಕ್ಕೆ ಜರುಗುತ್ತದೆ. ನಿಮ್ಮ ಕೋಶದ ಗಡಿಯನ್ನು ನೀವೇ ಹುಡುಕಿಕೊಳ್ಳಿ. ಬಲಿ ಕೊಡಲೆಂದೇ ಒಂದು ಪಟ್ಟಿಯನ್ನು ತೆಗೆದುಕೊಂಡು, ಋಣದ ಕಡೆಗೆ ಸ್ವಲ್ಪ ಹೋಗಿ ಹಿಂದಿರುಗುವ ಆವರ್ತ ವೋಲ್ಟಮಾಪನ ಮಾಡಿ, ಪ್ರತಿ ಸುತ್ತಿನಲ್ಲೂ 0.1 ವೋಲ್ಟಿನಷ್ಟು ಮುಂದೆ ಹೋಗಿ. ಒಳಗೆ ಹೋದ ಆವೇಶವೂ ಹೊರಬಂದ ಆವೇಶವೂ ಹೆಚ್ಚುಕಡಿಮೆ ಸಮನಾಗಿರುವವರೆಗೆ ನೀವು ಸುರಕ್ಷಿತ ವಲಯದಲ್ಲಿದ್ದೀರಿ. ಹೊರಬರುವುದು ಸ್ಪಷ್ಟವಾಗಿ ಕಡಿಮೆಯಾಗತೊಡಗಿದ ಸುತ್ತು, ಅಥವಾ ಹಿಂದಿರುಗುವ ದಾರಿಯಲ್ಲಿ ಹಿಂದೆ ಇಲ್ಲದ ಹೊಸ ಶಿಖರ ಕಾಣಿಸಿದ ಸುತ್ತು, ಲೋಹ ಹುಟ್ಟಿದ ಗುರುತು. ಅದಕ್ಕಿಂತ 0.2 ವೋಲ್ಟ್ ಹಿಂದಿನ ಅಂಕಿಯನ್ನು ಲಕ್ಷ್ಮಣರೇಖೆ ಎಂದಿಟ್ಟುಕೊಳ್ಳಿ.

ನಾಲ್ಕನೆಯ ಹಂತ: ಆವೇಶ ತುಂಬುವುದು

ಒಂದು ಪಟ್ಟಿಯನ್ನು ಹಾಗೆಯೇ ಬಿಡಿ. ಉಳಿದವುಗಳಿಗೆ 0.6, 1.2, 2.4, 3.6, 4.8 ಮಿಲಿಕೂಲಂಬ್ ಹೀಗೆ ಏರುವ ಆವೇಶವನ್ನು 10 ಮೈಕ್ರೊಆಂಪಿಯರ್ ಸ್ಥಿರ ಪ್ರವಾಹದಲ್ಲಿ ಕೊಡಿ. ಸೋಡಿಯಂ ಅಯಾನು ಹರಳಿನ ನಡುವಿನ ಸಂದುಗಳಲ್ಲಿ ನಿಧಾನವಾಗಿ ಸರಿಯುವುದರಿಂದ ಅವಸರಕ್ಕೆ ಪ್ರವಾಹ ಹೆಚ್ಚಿಸಿದರೆ ಮೇಲ್ಮೈ ಸೀದು, ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ವೋಲ್ಟೇಜ್ ಲಕ್ಷ್ಮಣರೇಖೆ ಮುಟ್ಟಿದರೆ ತುಂಬಬೇಕಾದ ಆವೇಶ ಬಾಕಿ ಇದ್ದರೂ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮುಂದುವರಿಸಿ. ವಿದ್ಯುತ್ ಕೈಕೊಡುವುದು ನಮಗೆ ಹೊಸದಲ್ಲವಾದ್ದರಿಂದ ಉಪಕರಣವನ್ನು ಯುಪಿಎಸ್‌ಗೆ ಜೋಡಿಸಿರಬೇಕು. ನಡುವೆ ಕರೆಂಟು ಹೋದ ಪಟ್ಟಿಯಲ್ಲಿ ಎಷ್ಟು ಆವೇಶ ಉಳಿದಿದೆ ಎಂದು ಊಹಿಸಲು ಹೋಗದೆ, ಅದನ್ನು ಬದಿಗಿಡಿ.

ತೆಗೆದ ಪಟ್ಟಿಯನ್ನು ಒಣ ಅಸಿಟೊನೈಟ್ರೈಲಿನಲ್ಲಿ ಅದ್ದಿ, ಆರ್ಗಾನ್ ಊದಿ ಒಣಗಿಸಿ, ಕೂಡಲೇ ಶೀಟ್ ರೆಸಿಸ್ಟೆನ್ಸ್ ಅಳೆಯಿರಿ.

ಐದನೆಯ ಹಂತ: ಬೆಳಕಿನ ಪರೀಕ್ಷೆ ಮತ್ತು ಹಾಲ್ ಮಾಪನ

ಅವಗೆಂಪಿನವರೆಗೆ ಹೋಗುವ ಸ್ಪೆಕ್ಟ್ರೊಫೊಟೊಮೀಟರ್ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಂಥ ಕಡೆ ಮುಂಚಿತವಾಗಿ ಬರೆದು ಕೇಳಿನೋಡಿ. 350ರಿಂದ 2500 ನ್ಯಾನೊಮೀಟರ್‌ವರೆಗೆ ಬೆಳಕು ಹಾಯುವ ಪ್ರಮಾಣ ಅಳೆಯಿರಿ. ಎರಡು ಸಂಗತಿಗಳನ್ನು ನೋಡಬೇಕು. ಎಲೆಕ್ಟ್ರಾನುಗಳು ಹೆಚ್ಚಿದ್ದರೆ ಅವಗೆಂಪಿನ ಗಡಿ ಕಡಿಮೆ ತರಂಗಾಂತರದ ಕಡೆಗೆ ಸರಿದಿರಬೇಕು. ಆರಂಭದಲ್ಲಿ ಹೇಳಿದ 1.8ರಿಂದ 1.25 ಮೈಕ್ರೊಮೀಟರಿನ ಜಿಗಿತವನ್ನು ನೆನಪಿಸಿಕೊಳ್ಳಿ. ಇದಕ್ಕೆ ವಿರುದ್ಧವಾಗಿ, ಗಡಿ ಸರಿಯದೆ ಕಣ್ಣಿಗೆ ಕಾಣುವ ಬೆಳಕೇ ಎಲ್ಲ ತರಂಗಾಂತರದಲ್ಲೂ ಮಂಕಾಗಿದ್ದರೆ ಅದು ಲೋಹದ ಹನಿಗಳ ನೆರಳು. ಅಂಥ ಪಟ್ಟಿಯನ್ನು ಹೀಲಿಯಂವರೆಗೆ ಒಯ್ಯುವುದು ದುಡ್ಡಿನ ದಂಡ.

ಹಾಲ್ ಮಾಪನಕ್ಕೆ ಅಳೆಯಬೇಕಾದ ವೋಲ್ಟೇಜ್ ಬಹಳ ಸಣ್ಣದು. 10²¹ ಸಾಂದ್ರತೆ, 150 ನ್ಯಾನೊಮೀಟರ್ ದಪ್ಪ, 1 ಮಿಲಿಆಂಪಿಯರ್ ಪ್ರವಾಹ, 0.5 ಟೆಸ್ಲಾ ಕಾಂತಕ್ಷೇತ್ರಕ್ಕೆ ಸುಮಾರು 21 ಮೈಕ್ರೊವೋಲ್ಟ್ ಮಾತ್ರ. ಪ್ರವಾಹದ ದಿಕ್ಕು, ಕಾಂತಕ್ಷೇತ್ರದ ದಿಕ್ಕು ಎರಡನ್ನೂ ತಿರುಗಿಸಿ ನಾಲ್ಕು ಓದುಗಳ ಸರಾಸರಿ ತೆಗೆದರೆ ಮಾತ್ರ ಅಂಕಿಯನ್ನು ನಂಬಬಹುದು. ಪಠ್ಯಕ್ರಮದ ಜರ್ಮೇನಿಯಂ ತುಂಡಿನಲ್ಲಿ ಮಿಲಿವೋಲ್ಟುಗಳನ್ನು ಓದಿ ಅಭ್ಯಾಸವಾದವರಿಗೆ ಇದು ಸ್ವಲ್ಪ ತಾಳ್ಮೆ ಬೇಡುತ್ತದೆ.

ಆರನೆಯ ಹಂತ: ತಂತಿ ಅಂಟಿಸುವುದು

ಆರಂಭದ ಕಥೆಗೆ ಮರಳುತ್ತಿದ್ದೇನೆ. ಇಂಡಿಯಂ ಬೇಡ, ಅದು 3.4 ಕೆಲ್ವಿನ್‌ನಲ್ಲಿ ಅತಿವಾಹಕ. ಟಿನ್ ಬೇಡ, ಅದು 3.7ರಲ್ಲಿ. ಸಾಮಾನ್ಯ ಸೀಸ-ಟಿನ್ ಬೆಸುಗೆಯೂ ಬೇಡ, ಅದು ಸುಮಾರು 7 ಕೆಲ್ವಿನ್‌ನಲ್ಲೇ ಅತಿವಾಹಕವಾಗುತ್ತದೆ. ನಾವು ಹುಡುಕುತ್ತಿರುವ ಸಂಕ್ರಮಣ ಇದೇ ವ್ಯಾಪ್ತಿಯಲ್ಲಿರುವುದರಿಂದ ಈ ಮೂರೂ ನಮ್ಮ ಪಾಲಿಗೆ ಸುಳ್ಳು ಸಾಕ್ಷಿಗಳು. ಬೆಳ್ಳಿ ಪೇಸ್ಟ್ ಮತ್ತು ತೆಳು ಚಿನ್ನದ ಅಥವಾ ತಾಮ್ರದ ತಂತಿ ಬಳಸಿ. ಪಟ್ಟಿಯ ಎರಡು ತುದಿಗಳಲ್ಲಿ ಅಗಲಕ್ಕೂ ಬೆಳ್ಳಿ ಗೆರೆ ಎಳೆದು ಪ್ರವಾಹದ ತಂತಿಗಳನ್ನು, ನಡುವೆ 5 ಮಿಲಿಮೀಟರ್ ಅಂತರದ ಎರಡು ಸಪೂರ ಗೆರೆಗಳಿಗೆ ವೋಲ್ಟೇಜಿನ ತಂತಿಗಳನ್ನು ಅಂಟಿಸಿ. ಪೇಸ್ಟನ್ನು ಒಣಗಿಸಲು ಬಿಸಿ ಒಲೆಯಲ್ಲಿಡಬೇಡಿ. ಗಾಳಿಯಲ್ಲಿ ಬಿಸಿಯಾದ ಪದರ ತುಂಬಿಸಿಕೊಂಡ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಕೊಟ್ಟುಬಿಡುತ್ತದೆ. ನಿರ್ವಾತದಲ್ಲಿ ಕೋಣೆಯ ತಾಪದಲ್ಲೇ ಒಂದು ರಾತ್ರಿ ಬಿಡಿ.

ಏಳನೆಯ ಹಂತ: ಪ್ರಯಾಣ

ದ್ರವ ಹೀಲಿಯಂ ನಮ್ಮೂರಿನಲ್ಲಿ ಕೊಳ್ಳಸಿಗುವ ವಸ್ತುವಲ್ಲ. ಹತ್ತಿರದ ಆಸರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ. ದಿನ ಗೊತ್ತುಮಾಡಿಕೊಂಡ ನಂತರವೇ ಪಟ್ಟಿಗಳಿಗೆ ಆವೇಶ ತುಂಬಬೇಕು, ತುಂಬಿ ದಿನಕ್ಕಾಗಿ ಕಾಯಬಾರದು. ಸೋಡಿಯಂ ತುಂಬಿದ ಪದರ ಗಾಳಿ ಮತ್ತು ತೇವಕ್ಕೆ ತೆರೆದುಕೊಂಡಂತೆ ನಿಧಾನವಾಗಿ ಬಸಿದುಹೋಗುತ್ತದೆ. ಸಿಲಿಕಾ ಜೆಲ್ ತುಂಬಿದ ಸಣ್ಣ ನಿರ್ವಾತ ಡೆಸಿಕೇಟರ್ ಉತ್ತಮ. ಒಮ್ಮೆ ಅದರ ಕವಾಟ ಸಡಿಲವಾಗಿದ್ದಾಗ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಂದಕ್ಕೆ ಆರ್ಗಾನ್ ತುಂಬಿ, ಮುಚ್ಚಳದ ಸುತ್ತ ಟೇಪ್ ಸುತ್ತಿ ಬೆಳಗಿನ ರೈಲಿಗೆ ಹತ್ತಿದ್ದೆವು. ಎದುರು ಕೂತಿದ್ದ ಹಿರಿಯರೊಬ್ಬರು ತಿಂಡಿ ಡಬ್ಬಿ ಯಾಕೆ ತೆರೆಯುತ್ತಿಲ್ಲವೆಂದು ಮದ್ದೂರಿನವರೆಗೂ ವಿಚಾರಿಸಿದರು. ಹೊರಡುವಾಗ ಅಳೆದ ಶೀಟ್ ರೆಸಿಸ್ಟೆನ್ಸನ್ನು ತಲುಪಿದ ಕೂಡಲೇ ಮತ್ತೆ ಅಳೆಯಬೇಕು. ನೂರಕ್ಕೆ ಐದಕ್ಕಿಂತ ಹೆಚ್ಚು ಬದಲಾದ ಪಟ್ಟಿಯ ಹಾಲ್ ಅಂಕಿ ಹಳೆಯದಾಯಿತೆಂದೇ ಅರ್ಥ.

ಎಂಟನೆಯ ಹಂತ: ತಣ್ಣಗಾಗಿಸಿ ಅಳೆಯುವುದು

ವಾತಾವರಣದ ಒತ್ತಡದಲ್ಲಿ ದ್ರವ ಹೀಲಿಯಂ ಕುದಿಯುವುದು 4.2 ಕೆಲ್ವಿನ್‌ನಲ್ಲಿ. ನಮ್ಮ ಅನೇಕ ಪಟ್ಟಿಗಳ ಸಂಕ್ರಮಣ ಅದಕ್ಕಿಂತ ಕೆಳಗಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಹೀಲಿಯಂ ಆವಿಯನ್ನು ಪಂಪ್ ಮಾಡಿ 1.5 ಕೆಲ್ವಿನ್‌ವರೆಗಾದರೂ ಇಳಿಯುವ ಕ್ರಯೊಸ್ಟಾಟನ್ನೇ (ತಣ್ಣಗಾಗಿಸುವ ಪಾತ್ರೆ) ಕೇಳಿ ಪಡೆಯಿರಿ.

ಗಾಜು ತಂಪಿನಲ್ಲಿ ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲ. ಪಟ್ಟಿಯ ಹಿಂಬದಿಗೆ ಅಪಿಯೆಝಾನ್ ಎನ್ ಗ್ರೀಸನ್ನು ತೆಳುವಾಗಿ ಹಚ್ಚಿ ತಾಮ್ರದ ಪೀಠಕ್ಕೆ ಒತ್ತಿ, ತಾಪಮಾಪಕವನ್ನು ಪಟ್ಟಿಯ ಪಕ್ಕದಲ್ಲೇ ಇರಿಸಿ. ನಿಮಿಷಕ್ಕೆ ಎರಡು ಕೆಲ್ವಿನ್‌ಗಿಂತ ವೇಗವಾಗಿ ಇಳಿಸಬೇಡಿ. 10 ಕೆಲ್ವಿನ್‌ನ ಕೆಳಗೆ ನಿಮಿಷಕ್ಕೆ 0.1 ಕೆಲ್ವಿನ್ ಸಾಕು. ಇಳಿಯುವಾಗ ಮತ್ತು ಏರುವಾಗ ಬಿಡಿಸಿದ ಎರಡು ಗೆರೆಗಳು ಒಂದರ ಮೇಲೊಂದು ಕೂರದಿದ್ದರೆ ಪದರ ತಾಪಮಾಪಕಕ್ಕಿಂತ ಹಿಂದೆ ಬಿದ್ದಿದೆ ಎಂದೇ ತಿಳಿದು ವೇಗ ತಗ್ಗಿಸಿ.

ಮಾಪನದ ಪ್ರವಾಹ 10 ಮೈಕ್ರೊಆಂಪಿಯರ್ ಇದ್ದರೆ 10 ಓಂನಲ್ಲಿ ಹುಟ್ಟುವ ಶಾಖ ಒಂದು ನ್ಯಾನೊವ್ಯಾಟ್ ಮಾತ್ರ. 1 ಮಿಲಿಆಂಪಿಯರ್ ಕೊಟ್ಟರೆ ಅದು ಹತ್ತು ಸಾವಿರ ಪಟ್ಟು. ಪ್ರತಿ ಬಿಂದುವಿನಲ್ಲೂ ಪ್ರವಾಹವನ್ನು ತಿರುಗಿಸಿ ಓದಿ, ತಂತಿಗಳ ಉಷ್ಣವಿದ್ಯುತ್ತನ್ನು ಕಳೆಯಿರಿ. ಸಾಮಾನ್ಯ ರೋಧದ ನೂರಕ್ಕೆ 90ರಿಂದ 10ಕ್ಕೆ ಇಳಿಯುವ ತಾಪಗಳೆರಡನ್ನೂ ಬರೆದುಕೊಂಡು, 50ರ ತಾಪವನ್ನು ಸಂಕ್ರಮಣ ತಾಪವೆಂದು ಕರೆಯಿರಿ. ಇಳಿತ ಅಗಲವಾಗಿದ್ದರೆ ಪದರದಲ್ಲಿ ಆವೇಶ ಸಮನಾಗಿ ಹರಡಿಲ್ಲ. ಎಲ್ಲ ಪಟ್ಟಿಗಳ ಸಂಕ್ರಮಣ ತಾಪವನ್ನು ಹಾಲ್ ಮಾಪನದ ಎಲೆಕ್ಟ್ರಾನು ಸಾಂದ್ರತೆಗೆ ಎದುರಾಗಿ ಗುರುತಿಸಿದಾಗ ಗುಡ್ಡದ ಒಂದು ಮಗ್ಗುಲಾದರೂ ಕಾಣಬೇಕು. ಪಟ್ಟಿಗಳೆಲ್ಲ ಆವೇಶದ ಹಂಗಿಲ್ಲದೆ 3.4ರಲ್ಲೇ ಗುಂಪುಕಟ್ಟಿದ್ದರೆ, ಬೇಸರವಾದರೂ ಸರಿ, ಅದು ಇಂಡಿಯಂ.

ಒಂಬತ್ತನೆಯ ಹಂತ: ಅಡ್ಡಪರೀಕ್ಷೆ

ಕ್ರಯೊಸ್ಟಾಟಿನಲ್ಲಿ ಕಾಂತಕ್ಷೇತ್ರದ ಸೌಲಭ್ಯವಿದ್ದರೆ ಪದರಕ್ಕೆ ಲಂಬವಾಗಿ ಕ್ಷೇತ್ರ ಕೊಟ್ಟು ಸಂಕ್ರಮಣ ಎಷ್ಟು ಜರುಗುತ್ತದೆ ನೋಡಿ. ದಪ್ಪ ಇಂಡಿಯಂನ ಅತಿವಾಹಕತೆ 0.03 ಟೆಸ್ಲಾದೊಳಗೇ ಅಳಿಯುತ್ತದೆ. ಅದಕ್ಕಿಂತ ಹೆಚ್ಚಿನ ಕ್ಷೇತ್ರದಲ್ಲೂ ಸೊನ್ನೆ ರೋಧ ಉಳಿದರೆ ಆಶಾದಾಯಕ. ಆದರೆ ಸಣ್ಣ ಇಂಡಿಯಂ ಹನಿಗಳು ದಪ್ಪ ಲೋಹಕ್ಕಿಂತ ಹೆಚ್ಚು ಕ್ಷೇತ್ರ ತಾಳುತ್ತವಾದ್ದರಿಂದ ಇದೊಂದನ್ನೇ ನೆಚ್ಚಬಾರದು. ಈ ಮಾಪನದಿಂದ ಇನ್ನೊಂದು ಉಪಯೋಗವಿದೆ. ಅತಿವಾಹಕತೆ ಅಳಿಯುವ ಕ್ಷೇತ್ರ 0.5 ಟೆಸ್ಲಾ ಎಂದು ಕಂಡರೆ ಅತಿವಾಹಕತೆಗೆ ಕಾರಣವಾದ ಎಲೆಕ್ಟ್ರಾನು ಜೋಡಿಯ ಹರವು ಸುಮಾರು 26 ನ್ಯಾನೊಮೀಟರ್ ಎಂದು ಲೆಕ್ಕ ಸಿಗುತ್ತದೆ, ಮತ್ತು ಅದನ್ನು ಪದರದ ದಪ್ಪಕ್ಕೆ ಹೋಲಿಸಬಹುದು.

ನಾನು ಹೆಚ್ಚು ನಂಬುವುದು ಹಿಂದೆಗೆಯುವ ಪರೀಕ್ಷೆಯನ್ನು. ಅತಿವಾಹಕತೆ ತೋರಿದ ಪಟ್ಟಿಯನ್ನು ಮೈಸೂರಿಗೆ ಮರಳಿ ತಂದು, ತಂತಿ ಬಿಚ್ಚಿ, ಬೆಳ್ಳಿಯನ್ನು ಅಸಿಟೋನಿನಿಂದ ತೊಳೆದು, ಅದೇ ಕೋಶದಲ್ಲಿ ವಿರುದ್ಧ ದಿಕ್ಕಿನ ಪ್ರವಾಹದಿಂದ ಸೋಡಿಯಂ ಹೊರತೆಗೆಯಿರಿ. ಅವಗೆಂಪಿನ ಗಡಿ ಮೊದಲಿದ್ದ ಜಾಗಕ್ಕೆ ಮರಳಬೇಕು, ಶೀಟ್ ರೆಸಿಸ್ಟೆನ್ಸ್ ಪುಸ್ತಕದಲ್ಲಿ ಬರೆದ ಮೊದಲ ಅಂಕಿಯ ಹತ್ತಿರ ಬರಬೇಕು, ಮುಂದಿನ ಬಾರಿ ತಣ್ಣಗಾಗಿಸಿದಾಗ ಅತಿವಾಹಕತೆ ಇಲ್ಲವಾಗಿರಬೇಕು. ಮತ್ತೆ ಆವೇಶ ತುಂಬಿದರೆ ಅದೇ ತಾಪದಲ್ಲಿ ಮರಳಿ ಬರಬೇಕು. ಲೋಹದ ಹನಿ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ: ಉತ್ಕರ್ಷಣೆಯಲ್ಲಿ ಅದು ದ್ರಾವಣಕ್ಕೆ ಕರಗಿಹೋಗಿ ಪದರದ ರೋಧ ಮೊದಲಿಗಿಂತ ಹೆಚ್ಚುತ್ತದೆ, ಇಲ್ಲವೇ ಕರಗದೆ ಉಳಿದು ಗಾಜಿನ ಮಬ್ಬು ಹಾಗೆಯೇ ಇರುತ್ತದೆ. ನಮ್ಮ ಕಡೆ ಎರಡು ಸುತ್ತು ಹೋಗಿಬಂದ ಪಟ್ಟಿಯ ಅಂಕಿಯನ್ನು ಮಾತ್ರ ನಕ್ಷೆಯಲ್ಲಿ ತುಂಬಿದ ಚುಕ್ಕೆಯಾಗಿ ಗುರುತಿಸುತ್ತೇವೆ. ಉಳಿದವಕ್ಕೆ ಖಾಲಿ ಚುಕ್ಕೆ.